ಡಾಕ್ಟರಬಾಯಿ ಎಬ್ಬಿಸಿದ ಕೈ

ಡಾಕ್ಟರಬಾಯಿಯವರ ಎರಡೂ ಹೆಬ್ಬೆರಳು ತುದಿಯಲ್ಲಿ ಹಿಂದಕ್ಕೆ ಬಾಗಿ ಚಪ್ಪಟೆಯಾಗಿದ್ದವು. ರೋಗಿಗಳ ನರ ಹುಡುಕಿ ಒತ್ತಿ ಒತ್ತಿ ಹಾಗಾಗಿವೆ ಎಂದು ನಾವು ಬೆಟಗೇರಿಯ ಹೆಂಗಸರು ಆಡಿಕೊಳ್ಳುತ್ತಿದ್ದೆವು. ಬೆಲ್ಲವಿಲ್ಲದ ಚಹಾ ಕುಡಿಯುತ್ತಿದ್ದರು, ಮಾತೂ ಹಾಗೇ ಇರುತ್ತಿತ್ತು.

ಕನ್ನಡ ನಾಡು ಒಂದಾದ ವರ್ಷ. ಮೆರವಣಿಗೆ ನೋಡಲು ತವರೂರು ಲಕ್ಷ್ಮೇಶ್ವರಕ್ಕೆ ಹೋದವಳು, ಚಕ್ಕಡಿಯಲ್ಲಿ ಮರಳುವಾಗ ಬದಿಯ ಹಲಗೆಯಾಚೆ ಬಲತೋಳು ಜೋತುಬಿಟ್ಟು ದಾರಿಯುದ್ದಕ್ಕೂ ನಿದ್ದೆ ಹೊಡೆದೆ. ಇಳಿದಾಗ ಮುಂಗೈ ಬಾಗಿ ನೇತಾಡುತ್ತಿತ್ತು. ಎತ್ತಿದರೆ ಏಳದು.

ಮನೆಯಲ್ಲಿ ಎರಡು ಮಗ್ಗ. ಒಂದಕ್ಕೆ ಗಂಡ, ಇನ್ನೊಂದಕ್ಕೆ ಹೊಸ ಸೊಸೆ ನಾನು. ಲಕ್ವಾ ಹೊಡೆಯಿತೆಂದು ಅತ್ತೆ ಬರೆ ಹಾಕಲು ಒಲೆಯಲ್ಲಿ ಕುಡುಗೋಲು ಕಾಯಿಸತೊಡಗಿದರು. ಗಂಡ ಓಡಿಹೋಗಿ ಡಾಕ್ಟರಬಾಯಿಯವರನ್ನು ಕರೆತಂದರು.

"ಯವ್ವಾ, ಬರಿ ಹಾಕಿದ್ರ ತೊಗಲು ಸುಡ್ತೈತಿ, ಕೈ ಏಳಂಗಿಲ್ಲ," ಎಂದು ಡಾಕ್ಟರಬಾಯಿ ಅತ್ತೆಯನ್ನು ಗದರಿ, ನನ್ನ ತೋಳಿನ ಹಿಂಬದಿ ಒತ್ತಿದರು. "ಕೈಯಾಗ ಕಸುವು ಐತಿ. ಏಳು ಅಂತ ಅದಕ್ಕ ಹೇಳೂದು ನರ. ಅದು ಇಲ್ಲೇ ಎಲುಬಿಗೆ ಸುತ್ತಿ ಬರ್ತೈತಿ. ಗಾಡಿ ಹಲಗಿ ಅಲ್ಲೇ ಅಮುಕೇತಿ. ಮಿದುಳಿನ ಖಬರ ಕೈಗೆ ಮುಟ್ಟವಲ್ದು, ಅಷ್ಟ."

"ಕೈ ಬರಲಿಲ್ಲಂದ್ರ ಮಗ್ಗಕ್ಕ ಯಾರ ಕುಂಡ್ರತಾರ, ಬಾಯಾರ? ಯುಗಾದಿತನಕ ನೋಡ್ತೀನ್ರಿ. ಆಮ್ಯಾಲ ತವರಿಗೆ ಕಳಸೂದ," ಎಂದರು ಅತ್ತೆ.

ಡಾಕ್ಟರಬಾಯಿ ನನ್ನ ಮುಂಗೈಗೆ ಪಟ್ಟಿ ಕಟ್ಟಿದರು. ದಿನಾ ಬಂದು ಬಿಚ್ಚಿ, ಒಂದೊಂದೇ ಬೆರಳು ಎತ್ತಿ ಮಡಚಿ, "ನರ ಏಳೂತನಕ ಕೀಲು ಬಿಗೀಬಾರ್ದು. ಅಳಬ್ಯಾಡ, ಎತ್ತಾಕ ನೋಡು," ಎನ್ನುತ್ತಿದ್ದರು. ನಾನು ಎತ್ತುತ್ತಿದ್ದೆ, ಕೈ ಕೇಳುತ್ತಿರಲಿಲ್ಲ. ಅವರಿಗೆ ಬೇಸರವೇ ಇರಲಿಲ್ಲ.

ಎಳ್ಳಮಾವಾಸ್ಯೆಗೆ ಪಟ್ಟಿ ಬಿಚ್ಚಿಟ್ಟು, ಎಡಗೈಯಿಂದ ಸಜ್ಜಿರೊಟ್ಟಿಗೆ ಎಳ್ಳು ಹಚ್ಚುತ್ತಿದ್ದೆ. ಬಲ ಮುಂಗೈ ಒಂದಿಷ್ಟು ಮೇಲೆದ್ದಿತು. ಇನ್ನೊಮ್ಮೆ ಎತ್ತಿದೆ, ಮತ್ತೆ ಎದ್ದಿತು. ಅತ್ತೆ ಹಂಚಿನ ಮೇಲಿನ ರೊಟ್ಟಿ ಹಾಗೇ ಬಿಟ್ಟು, ಡಾಕ್ಟರಬಾಯಿಯವರನ್ನು ಕರೆಯಲು ತಾವೇ ಓಡಿದರು.

ಆ ಮನೆಯಲ್ಲಿ ನಾನು ಉಳಿದದ್ದು, ಮುಂದೆ ನೇಯ್ದ ಸೀರೆಗಳು, ಎತ್ತಿ ಆಡಿಸಿದ ಮಕ್ಕಳು, ಎಲ್ಲವೂ ಡಾಕ್ಟರಬಾಯಿ ಕೊಟ್ಟದ್ದೇ. ಈ ಋಣ ತೀರುವುದಲ್ಲ.

ಮುಪ್ಪಿನಲ್ಲಿ ಅವರಿಗೆ ನಿಜವಾದ ಲಕ್ವಾ ಹೊಡೆದು ಮಾತು ನಿಂತಿತು. ನಾನು ಗಂಜಿ ಕುಡಿಸಲು ಹೋಗುತ್ತಿದ್ದೆ. ಅವರ ಕಣ್ಣು ಚಮಚವನ್ನು ನೋಡುತ್ತಿರಲಿಲ್ಲ, ನನ್ನ ಮುಂಗೈಯನ್ನು ನೋಡುತ್ತಿತ್ತು. "ನೆಟ್ಟಗ ಐತ್ರಿ, ಬಾಯಾರ," ಎನ್ನುತ್ತಿದ್ದೆ. ಆಮೇಲೆಯೇ ಬಾಯಿ ತೆರೆಯುತ್ತಿದ್ದರು. ತೀರಿಕೊಂಡ ದಿನದ ಗಂಜಿಯನ್ನೂ ಹಾಗೆಯೇ ಕುಡಿದರು.