ಮೂರು ನೀರಲ್ಲಿ ತೊಳೆದ ಉಪ್ಪು

ಹೊಂಬಾಳಮ್ಮನ ಮನೆಯಲ್ಲಿ ಉಂಡವರ ಹಲ್ಲಿಗೆ ಮರಳು ಸಿಕ್ಕಿದ್ದುಂಟೇ? ಭಾರತೀನಗರದ ಆಸುಪಾಸಿನ ಯಾವ ಹಳ್ಳಿಯಲ್ಲಾದರೂ ಕೇಳಿ ನೋಡಿ, ಹೌದೆನ್ನುವವರು ಒಬ್ಬರೂ ಸಿಗುವುದಿಲ್ಲ. ಎಲ್ಲರೂ ಸೊಪ್ಪು ತೊಳೆಯುತ್ತಾರೆ, ಅಕ್ಕಿ ತೊಳೆಯುತ್ತಾರೆ. ಈ ಮಹಾತಾಯಿ ಉಪ್ಪನ್ನೂ ತೊಳೆಯುತ್ತಿದ್ದಳು! ಅಂಗಡಿಯಿಂದ ಕಲ್ಲುಪ್ಪಿನ ಪಾಕೀಟು ಬಂದ ಕೂಡಲೇ ಜರಡಿಗೆ ಸುರಿದು, ನೀರು ಹುಯ್ದು, ಇಳಿದ ನೀರನ್ನು ಬಚ್ಚಲಿಗೆ ಚೆಲ್ಲಿ, ಹಳೇ ಪಂಚೆಯ ಮೇಲೆ ಬಿಸಿಲಿಗೆ ಹರವಿ, ಒಣಗಿದ ಮೇಲೇ ಮಡಕೆಗೆ ತುಂಬುವುದು. ಅವಳ ಅತ್ತೆ ಹಾಗೆ ಮಾಡುತ್ತಿದ್ದಳು, ಇವಳೂ ಮಾಡಿದಳು. ಅತ್ತೆಯ ಕಾಲದ ಉಪ್ಪು ಮೂಟೆಯಲ್ಲಿ ಮಣ್ಣಿನ ಸಮೇತ ಬರುತ್ತಿತ್ತು, ಈಗ ಹಾಗಲ್ಲ ಎಂದು ಹೇಳುವ ಧೈರ್ಯ ಯಾರಿಗಿತ್ತು?

ಸೊಸೆ ದೀಪಿಕ ಬಂದ ಹೊಸದರಲ್ಲಿ ಪುಡಿಯುಪ್ಪು ತಂದಿಟ್ಟಿದ್ದಳು. "ಅದೇನವ್ವ ಅದು, ಸುಣ್ಣದ ಪುಡಿ ಇದ್ದಂಗದೆ! ನಮ್ಮನೆ ಸಾರಿಗೆ ಅದು ಬ್ಯಾಡ," ಎಂದು ಹೊಂಬಾಳಮ್ಮ ಅದನ್ನು ಪಾತ್ರೆ ಉಜ್ಜಲು ಎತ್ತಿಟ್ಟಳು. ಹುಡುಗಿ ಮತ್ತೆ ಬಾಯಿ ಬಿಡಲಿಲ್ಲ.

ದೀಪಿಕ ಬಸುರಿಯಾದಳು. ಕೂತಲ್ಲೇ ತೂಕಡಿಸತೊಡಗಿದಳು. "ನಾವು ತುಂಬಿದ ಬಸ್ರೀಲಿ ಕಬ್ಬಿನ ಗದ್ದೇಲಿ ಗೇಯ್ತಿದ್ದೊ ಕಣಮ್ಮ," ಎಂದು ಹೊಂಬಾಳಮ್ಮ ಗೊಣಗಿದ್ದೂ ಉಂಟು. ಆದರೆ ಒಂದು ದಿನ ಸೊಸೆಗೆ ತಲೆ ಬಾಚುವಾಗ ಕತ್ತಿನ ಮುಂಭಾಗ ಊದಿರುವುದು ಕಣ್ಣಿಗೆ ಬಿತ್ತು. ಮಗ ಸ್ವರೂಪನಿಗೂ ಕಾಯದೆ ಸೊಸೆಯನ್ನು ಮಂಡ್ಯದ ಬಸ್ಸಿಗೆ ಹತ್ತಿಸಿಕೊಂಡು ಹೊರಟೇಬಿಟ್ಟಳು.

ಡಾಕ್ಟರ್ ಅರುಂಧತಿ ರಕ್ತದ ರಿಪೋರ್ಟು ನೋಡಿ, ಥೈರಾಯ್ಡ್ ಸರಿಯಾಗಿ ಕೆಲಸ ಮಾಡುತ್ತಿಲ್ಲ ಎಂದರು. "ಮನೇಲಿ ಯಾವ ಉಪ್ಪು?"

"ಕಲ್ಲುಪ್ಪು ಮೇಡಂ. ಅಯೋಡಿನ್ ಇರೋ ಪಾಕೀಟೇ," ಎಂದಳು ದೀಪಿಕ, ತಲೆ ಎತ್ತದೆ.

ಡಾಕ್ಟರು ಸರಿ ಎಂದು ಬರೆಯತೊಡಗಿದರು. ಅಲ್ಲಿಗೆ ಮುಗಿಯುತ್ತಿತ್ತು. ಆದರೆ ತನ್ನ ಅಡುಗೆಮನೆಯನ್ನೇ ಅನುಮಾನಿಸಿದರೆ ಹೊಂಬಾಳಮ್ಮ ಸುಮ್ಮನಿದ್ದಾಳೆಯೇ?

"ಉಪ್ಪಿನ ಇಚಾರ ನೀವು ತಲೆಗೆ ಆಕ್ಕೋಬ್ಯಾಡಿ ಡಾಕ್ಟ್ರಮ್ಮ. ಮೂರು ನೀರಲ್ಲಿ ತೊಳ್ದು, ಬಿಸಿಲಲ್ಲಿ ಒಣಗಿಸಿ ಆಕ್ತೀನಿ. ನಮ್ಮನೇಲಿ ಕೊಳೆ ಉಪ್ಪ ಯಾರೂ ತಿನ್ನಾಕಿಲ್ಲ!"

ಡಾಕ್ಟರ ಪೆನ್ನು ನಿಂತಿತು.

"ಅಯ್ಯೋ ಅಮ್ಮ, ಅಯೋಡಿನ್ ಇರೋದೇ ಉಪ್ಪಿನ ಮೈಮೇಲೆ. ತೊಳೆದರೆ ನೀರಿನ ಜೊತೆ ಬಚ್ಚಲಿಗೆ ಹೋಗುತ್ತೆ. ದೇಹಕ್ಕೆ ಬೇಕಾಗೋದು ಕಣ್ಣಿಗೆ ಕಾಣದಷ್ಟು. ಆದರೆ ಅಷ್ಟು ಬೇಕೇ ಬೇಕು, ಹೊಟ್ಟೇಲಿರೋ ಮಗುವಿನ ಮಿದುಳು ಬೆಳೆಯೋಕೆ." ಹೊಂಬಾಳಮ್ಮನ ಮುಖ ನೋಡಿ ದನಿ ತಗ್ಗಿಸಿದರು. "ಇದೊಂದೇ ಕಾರಣ ಅಂತ ನಾನು ಹೇಳಲ್ಲ. ಮಾತ್ರೆ ಕೊಡ್ತೀನಿ. ಮಗು ಹುಟ್ಟಿದ ಮೇಲೆ ಅದರ ರಕ್ತ ಪರೀಕ್ಷೆ ಮಾಡೋಣ."

ವಾಪಸು ಬರುವ ಬಸ್ಸಿನಲ್ಲಿ ಹೊಂಬಾಳಮ್ಮ ಮಾತ್ರೆ ಚೀಟಿಯನ್ನು ಮಡಿಚಿ ಸೆರಗಿಗೆ ಗಂಟು ಹಾಕಿಕೊಂಡಳು. ಆಮೇಲೆ ಮೆಲ್ಲಗೆ ಕೇಳಿದಳು: "ನಿಂಗೆ ಗೊತ್ತಿತ್ತಾ ಮಗ?"

"ಅನುಮಾನ ಇತ್ತು ಅತ್ತೆ. ಸ್ಕೂಲಲ್ಲಿ ಏನೋ ಯೇಳಿದ್ರು. ನಿಮ್ಮತ್ರ ಯೇಳೋಕೆ ಭಯ ಆಯ್ತು."

ಕಪಾಳಕ್ಕೆ ಹೊಡೆದಿದ್ದರೂ ಅಷ್ಟು ಉರಿಯುತ್ತಿರಲಿಲ್ಲ. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎನ್ನುತ್ತಾರೆ. ತಪ್ಪು ತನ್ನದು, ನೀರು ಕುಡಿಯುವುದು ಹೊಟ್ಟೆಯೊಳಗಿನ ಆ ಕೂಸೇ?

ಅಂದಿನಿಂದ ಹೊಂಬಾಳಮ್ಮ ಉಪ್ಪು ಮುಟ್ಟಲಿಲ್ಲ. ಪಾಕೀಟಿನ ಉಪ್ಪು ಮುಚ್ಚಳದ ಡಬ್ಬಿ ಸೇರಿತು. ಸಾರು ಕುದಿಯುವಾಗ, "ದೀಪಿಕಾ, ಬಾರವ್ವ, ಉಪ್ಪಾಕು," ಎಂದು ಕರೆದು ದೂರ ನಿಲ್ಲುವಳು. ಮಗು ಹೊಟ್ಟೆಯಲ್ಲಿ ಒದ್ದರೆ ಸಮಾಧಾನ, ಒದೆಯದಿದ್ದರೆ ಕಂಡ ದೇವರಿಗೆಲ್ಲ ಹರಕೆ.

ಹೆಣ್ಣುಮಗು ಹುಟ್ಟಿತು. ಬಂದವರೆಲ್ಲ ಮೂಗು ಯಾರದು, ಹಣೆ ಯಾರದು ಎಂದು ಹುಡುಕುತ್ತಿದ್ದರೆ, ಅಜ್ಜಿ ಮಾತ್ರ ಕೂಸಿನ ಕಿವಿಯ ಬಳಿ ಚಿಟಿಕೆ ಹೊಡೆದು ಬೆಚ್ಚುತ್ತದೆಯೇ ಎಂದು ನೋಡುತ್ತಿದ್ದಳು. ಹಿಮ್ಮಡಿಯಿಂದ ರಕ್ತ ತೆಗೆದರು. ರಿಪೋರ್ಟು ಬರುವ ತನಕ ಅಜ್ಜಿ ದಿನಕ್ಕೆ ಹತ್ತು ಸಲ ಮಗನಿಂದ ಫೋನು ನೋಡಿಸಿದಳು.

ಕೊನೆಗೆ ಸ್ವರೂಪ ಫೋನು ಹಿಡಿದು ಓಡಿ ಬಂದ. "ಅವ್ವಾ, ಎಲ್ಲಾ ನಾರ್ಮಲ್ಲು!"

"ಸರಿಯಾಗಿ ನೋಡ್ಲಾ. ಇನ್ನೊಂದ್ಸಲ ಓದು." ಅವನು ಓದಿದ. ಅವಳು ಗೋಡೆಗೊರಗಿ ಕೂತು ಅತ್ತುಬಿಟ್ಟಳು.

ದೀಪಿಕ ಕೂಸನ್ನೆತ್ತಿಕೊಂಡು ಅಡುಗೆಮನೆಯ ಬಾಗಿಲಿಗೆ ಬಂದಳು. "ಅತ್ತೆ, ಇವತ್ತಿಂದ ನೀವೇ ಉಪ್ಪಾಕಿ. ನನ್ನ ಕೈ ಹದ ಸರಿಯಿಲ್ಲ."

ಹೊಂಬಾಳಮ್ಮ ಕಣ್ಣೊರೆಸಿಕೊಂಡು ಡಬ್ಬಿಗೆ ಕೈ ಹಾಕಿದಳು. ಉಪ್ಪು ಹಿಡಿದ ಕೈ ತಾನಾಗಿಯೇ ನೀರಿನ ಬಿಂದಿಗೆಯತ್ತ ಹೋಯಿತು.

"ಅತ್ತೇ! ತೊಳೀಬ್ಯಾಡಿ!"

ಆ ಮನೆಯಲ್ಲಿ ದೀಪಿಕ ದನಿ ಎತ್ತಿದ್ದು ಅದೇ ಮೊದಲು. ಕೂಸು ಬೆಚ್ಚಿ ಅಳತೊಡಗಿತು. ಹುಡುಗಿ ತಾನೇ ಹೆದರಿ ತುಟಿ ಕಚ್ಚಿಕೊಂಡಳು.

"ಗದರು ಕಣವ್ವ," ಎಂದಳು ಹೊಂಬಾಳಮ್ಮ, ಉಪ್ಪನ್ನು ಹಾಗೆಯೇ ಸಾರಿಗೆ ಹಾಕುತ್ತ. "ಇನ್ಮ್ಯಾಲೂ ಇಂಗೇ ಗದರು."