ವಿಮಾನದ ಬಾಗಿಲಲ್ಲಿ ಮೂವತ್ತೆಂಟು ನಿಮಿಷ

ಬೆಳಗಿನ ಆರೂ ಮುಕ್ಕಾಲು. ಸ್ಪೇನಿನ ಮಾಲಗ ವಿಮಾನ ನಿಲ್ದಾಣದ ದೂರದ ಮೂಲೆಯಲ್ಲಿ ದಿನದ ಮೊದಲ ವಿಮಾನ ಬಂದು ನಿಂತಿದೆ. ಇಂಗ್ಲೆಂಡಿನಿಂದ ಎರಡೂವರೆ ಗಂಟೆಯ ಹಾರಾಟ. ಮೂರು ದಿನ ನಮ್ಮೂರ ಬಿಸಿಲು ಕಾಯಿಸಿಕೊಂಡು ಹೋಗಲು ಬಂದವರು ಸಣ್ಣ ಪೆಟ್ಟಿಗೆಗಳನ್ನು ಎಳೆದುಕೊಂಡು ಇಳಿಯುತ್ತಿದ್ದಾರೆ. ಕೊನೆಯವರು ಇಳಿದ ಮೇಲೆ ಕಸಿಲ್ದಾ ಪೊರ್ರಾಸ್ ಮೇಲೆ ಹೋಗುತ್ತಾರೆ. ಕೈಯಲ್ಲಿ ಆಸನಗಳ ನಡುವಿನ ಓಣಿಗೆ ಹಿಡಿಯುವಷ್ಟೇ ಅಗಲದ ಗಾಲಿಕುರ್ಚಿ. ಹದಿನಾಲ್ಕನೇ ಸಾಲಿನಲ್ಲಿ ನಡೆಯಲಾಗದ ಒಬ್ಬ ಅಜ್ಜಿ ಕಾಯುತ್ತಿದ್ದಾರೆ.

"ನನ್ನ ಕುತ್ತಿಗೆ ಹಿಡ್ಕೊಳ್ಳಿ ಅಜ್ಜಿ. ಇನ್ನೂ ಗಟ್ಟಿಯಾಗಿ. ನನ್ನ ಗಂಡ ಒಂದಿನಾನೂ ಹಿಂಗೆ ಹಿಡಿದವನಲ್ಲ."

ಅಜ್ಜಿಗೆ ಸ್ಪ್ಯಾನಿಷ್ ಬರುವುದಿಲ್ಲ. ಆದರೂ ನಗುತ್ತಾರೆ. ಅಷ್ಟರಲ್ಲಿ ಅವರು ಆಸನದಿಂದ ಕುರ್ಚಿಗೆ ಬಂದಾಗಿದೆ, ಪಟ್ಟಿಯೂ ಬಿಗಿದಾಗಿದೆ.

ಕಸಿಲ್ದಾಗೆ ಐವತ್ತಾರು ವರ್ಷ. ನಿಲ್ದಾಣದ ಮಗ್ಗುಲಲ್ಲೇ ಇರುವ ಚುರಿಯಾನಾದಲ್ಲಿ ಹುಟ್ಟಿ ಬೆಳೆದವರು. ಅವರ ತಾಯಿ ಲಕ್ವ ಹೊಡೆದು ಹನ್ನೊಂದು ವರ್ಷ ಹಾಸಿಗೆಯಲ್ಲಿದ್ದರು. ಮನುಷ್ಯರನ್ನು ನೋಯಿಸದೆ ಎತ್ತುವುದು ಹೇಗೆಂದು ಕಲಿತದ್ದು ಆಗಲೇ. ತಾಯಿ ತೀರಿಕೊಂಡ ವರ್ಷ ಈ ಕೆಲಸಕ್ಕೆ ಸೇರಿದರು. ಈಗ ಹತ್ತೊಂಬತ್ತು ವರ್ಷ. ದಿನಕ್ಕೆ ಇಪ್ಪತ್ತೆರಡು, ಇಪ್ಪತ್ತೈದು ಜನರನ್ನು ಎತ್ತಿ ಇಳಿಸುತ್ತಾರೆ. ಹದಿನಾಲ್ಕು ಕಿಲೋಮೀಟರ್ ನಡೆಯುತ್ತಾರೆ. ಬಲ ಮಣಿಕಟ್ಟಿಗೆ ಸದಾ ಪಟ್ಟಿ. ಸೊಂಟದ ಮಾತೆತ್ತಿದರೆ, "ಅದರ ಸುದ್ದಿ ಬಿಡಿ, ಕೇಳಿಸ್ಕೊಂಡ್ರೆ ಎದ್ದು ಕೂತ್ಕೊಳ್ಳುತ್ತೆ" ಎನ್ನುತ್ತಾರೆ.

ನೆಲದ ಮೇಲೆ ನಿಂತ ವಿಮಾನ ದುಡಿಯುವುದಿಲ್ಲ. ಹಾಗಾಗಿ ಬಂದ ವಿಮಾನ ಇಪ್ಪತ್ತೈದು ನಿಮಿಷದಲ್ಲಿ ಮತ್ತೆ ಹಾರಬೇಕು. ಅಷ್ಟರೊಳಗೆ ನೂರ ಎಂಬತ್ತು ಜನ ಇಳಿದು, ಕಸ ಗುಡಿಸಿ, ಬೇರೆ ನೂರ ಎಂಬತ್ತು ಜನ ಹತ್ತಬೇಕು. ಈ ಲೆಕ್ಕ ಹಾಕಿದವರ ಕಾಲು ಗಟ್ಟಿಯಾಗಿದ್ದವೆಂದು ಕಾಣುತ್ತದೆ. ಹೊತ್ತು ಸಾಲದಾದಾಗ ಅವರು ಕತ್ತರಿ ಹಾಕುವುದು ನಡೆಯಲಾರದವರ ಪಾಲಿಗೆ.

ಕಳೆದ ಅಕ್ಟೋಬರಿನ ಒಂದು ಮಧ್ಯಾಹ್ನ ಹಾಗೆಯೇ ಆಯಿತು. ಕ್ಲಿಫರ್ಡ್ ಎಂಬ ಎಂಬತ್ತೊಂದರ ಮುದುಕ, ಬಸ್ ಚಾಲಕರಾಗಿ ನಿವೃತ್ತರಾದವರು, ಮಗಳ ಜೊತೆ ಬಂದಿದ್ದರು. ಎಡಗಾಲಿನಲ್ಲಿ ಜೀವವಿಲ್ಲ. ಆದರೆ ಅವರ ಕಾಗದದಲ್ಲಿ 'ಮೆಟ್ಟಿಲು ಇಳಿಯಬಲ್ಲರು' ಎಂದು ಯಾರೋ ಬರೆದಿದ್ದರು. ಕುರ್ಚಿ ಸಮೇತ ಇಳಿಸುವ ಲಿಫ್ಟ್ ಲಾರಿ ಇನ್ನೊಂದು ವಿಮಾನದ ಬಳಿಯಿತ್ತು. ಉಳಿದ ಎರಡು ಲಾರಿ ವಾರದಿಂದ ಕೆಟ್ಟು ನಿಂತಿದ್ದವು. ಕಸಿಲ್ದಾ ಕೆಲಸ ಮಾಡುವ ಗುತ್ತಿಗೆ ಕಂಪನಿಯ ಮೇಲ್ವಿಚಾರಕ ಬ್ರಾವ್ಲಿಯೋ, ಅವರ ಮಗನ ವಯಸ್ಸಿನವನು, ವಾಕಿಟಾಕಿಯಲ್ಲಿ ಅವಸರ ಮಾಡಿದ.

"ಕಸಿಲ್ದಕ್ಕ, ಇಬ್ಬರು ಕೈ ಹಿಡಿದು ಇಳಿಸಿಬಿಡಿ. ಹದಿನೆಂಟೇ ಮೆಟ್ಟಿಲು."

"ಮಳೆ ಹನಿ ಬಿದ್ದಿದೆ ಕಣೋ. ಕಬ್ಬಿಣದ ಮೆಟ್ಟಿಲು. ಹೋದ ವರ್ಷ ಬೇರೆಯೋರು ಹಿಂಗೇ ಇಳಿಸಿದ ಅಜ್ಜಿ ಸೊಂಟ ಮುರ್ಕೊಂಡ್ಳು, ಮರೆತ್ಯಾ?"

"ಕಾಗದದಲ್ಲಿ ಇಳೀತಾರೆ ಅಂತಿದೆಯಲ್ಲ ಅಕ್ಕ."

"ಹಂಗಾದ್ರೆ ಕಾಗದಾನ ಇಳಿಸ್ಕೋ. ಅಜ್ಜನ್ನ ನಾನು ಇಳಿಸಲ್ಲ."

ಕಸಿಲ್ದಾ ಕ್ಲಿಫರ್ಡರನ್ನು ಕುರ್ಚಿಯಲ್ಲಿ ಕೂರಿಸಿ, ಬಾಗಿಲಿನವರೆಗೆ ತಂದು, ಬ್ರೇಕ್ ಹಾಕಿ, ಬಾಗಿಲಿಗೆ ಅಡ್ಡ ನಿಂತರು. ಒಳಗಿದ್ದವರು ಇಳಿಯದೆ ಹೊಸಬರು ಹತ್ತುವಂತಿಲ್ಲ. ಕೆಳಗೆ ಸಾಲು ನಿಂತವರು ಗೊಣಗಿದರು. ಒಬ್ಬ ಫೋನಿನಲ್ಲಿ ಚಿತ್ರ ತೆಗೆದ. ಇನ್ನೊಬ್ಬ, "ಹೊತ್ತುಕೊಂಡಾದರೂ ಇಳಿಸಿ, ನಾವು ಮನೆಗೆ ಹೋಗಬೇಕು" ಎಂದು ಕೂಗಿದ.

ಅದು ಕೇಳಿಸಿತೋ ಏನೋ, ಕ್ಲಿಫರ್ಡ್ ಪಟ್ಟಿ ಬಿಚ್ಚಲು ಕೈ ಹಾಕಿದರು. ಮಗಳು ಅವರ ಮಾತನ್ನು ತನ್ನ ಮುರುಕು ಸ್ಪ್ಯಾನಿಷಿನಲ್ಲಿ ಹೇಳಿದಳು: "ಎಲ್ಲರೂ ಕ್ಷಮಿಸಬೇಕಂತೆ. ಕೂತು ಜಾರಿಕೊಂಡು ಇಳೀತಾರಂತೆ."

ಇದನ್ನು ನನಗೆ ಹೇಳುವಾಗ ಕಸಿಲ್ದಾ ಕಾಫಿ ಲೋಟ ಕೆಳಗಿಡುತ್ತಾರೆ. "ನಲವತ್ತು ವರ್ಷ ಊರೋರನ್ನೆಲ್ಲ ಬಸ್ಸಲ್ಲಿ ಹೊತ್ತು ತಿರುಗಿದ ಮನುಷ್ಯ. ಕುಂಡೆ ಮೇಲೆ ಜಾರ್ಕೊಂಡು ಇಳೀತೀನಿ ಅಂತಾರೆ, ಮೇಲಿಂದ ಕ್ಷಮೆ ಬೇರೆ. ತಪ್ಪು ಮಾಡಿದವರು ಯಾರು? ಲಾರಿ ರಿಪೇರಿ ಮಾಡಿಸ್ದೆ ಇದ್ದೋರು. ಅವರು ಯಾರಾದ್ರೂ ಬಂದು ಕ್ಷಮೆ ಕೇಳಿದ್ರಾ? ಅಜ್ಜನ ಹೆಗಲ ಮೇಲೆ ಕೈ ಇಟ್ಟೆ. ಕೂತ್ಕೊಳ್ಳಿ, ನೀವು ರಾಜನ ಹಾಗೇ ಇಳೀತೀರಿ ಅಂದೆ."

ಮೂವತ್ತೆಂಟು ನಿಮಿಷದ ಮೇಲೆ ಲಾರಿ ಬಂತು. ಕ್ಲಿಫರ್ಡ್ ಕುರ್ಚಿಯಲ್ಲಿ ಕೂತೇ ಇಳಿದರು.

ಮರುದಿನ ಕಸಿಲ್ದಾಗೆ ಹತ್ತು ದಿನದ ಅಮಾನತು. ವಿಮಾನ ತಡವಾದದ್ದಕ್ಕೆ ಅವರೇ ಕಾರಣವೆಂದು ಕಾಗದ ಹೇಳಿತು. ಕಂಪನಿಗೆ ಗೊತ್ತಿರದಿದ್ದದ್ದು ಎರಡು ಸಂಗತಿ. ಕ್ಲಿಫರ್ಡರ ಮಗಳು ಊರಿಗೆ ಮರಳುವ ಮೊದಲೇ ನಾಲ್ಕು ಪುಟದ ದೂರು ಬರೆದಿದ್ದಳು. ಜೊತೆಯ ಕೆಲಸಗಾರರು ಅರವತ್ತೊಂದು ಜನ, ಮೆಟ್ಟಿಲ ಮೇಲೆ ಇನ್ನು ಯಾರನ್ನೂ ಕೈ ಹಿಡಿದು ಇಳಿಸುವುದಿಲ್ಲವೆಂದು ಸಹಿ ಹಾಕಿದ್ದರು. ಕೊನೆಯ ಸಹಿ ಬ್ರಾವ್ಲಿಯೋನದು.

ರಾಜಿ ಮಾತುಕತೆಯಲ್ಲಿ ಕಂಪನಿ ತಣ್ಣಗಾಯಿತು. 'ಮಾನವೀಯತೆಯ ದೃಷ್ಟಿಯಿಂದ ಶಿಕ್ಷೆ ಮನ್ನಾ' ಎಂಬ ಕಾಗದ ಮುಂದಿಟ್ಟಿತು. ಕಸಿಲ್ದಾ ಸಹಿ ಹಾಕಲಿಲ್ಲ. "ನಾನು ಭಿಕ್ಷೆ ಕೇಳಕ್ಕೆ ಬಂದಿಲ್ಲ. ಶಿಕ್ಷೆ ತಪ್ಪಾಗಿತ್ತು ಅಂತ ಬರೀರಿ." ಮೂರು ವಾರ ಹಗ್ಗಜಗ್ಗಾಟ ನಡೆದು ಆ ಮಾತೇ ಕಾಗದಕ್ಕೆ ಬಂತು. ಕೆಟ್ಟ ಎರಡೂ ಲಾರಿ ರಿಪೇರಿಯಾದವು. ಕಂಪನಿ ಸೇಡನ್ನೂ ತೀರಿಸಿಕೊಂಡಿತು. ಅಂದಿನಿಂದ ಕಸಿಲ್ದಾಗೆ ಬೆಳಗಿನ ಐದರ ಪಾಳಿ. ಬಸ್ಸು ಶುರುವಾಗುವ ಮೊದಲೇ ಮನೆಯಿಂದ ನಡೆದು ಬರುತ್ತಾರೆ.

ನಮ್ಮೂರ ಜಾಹೀರಾತುಗಳಲ್ಲಿ ಸಮುದ್ರವಿದೆ, ಹುರಿದ ಮೀನಿದೆ, ಮುನ್ನೂರು ದಿನದ ಬಿಸಿಲಿದೆ. ಕಸಿಲ್ದಾರಂಥವರು ಯಾವುದರಲ್ಲೂ ಇಲ್ಲ. ಊರು ಯಾರ ತೋಳಿನ ಮೇಲೆ ನಿಂತಿದೆಯೆಂದು ಕೇಳುವ ಪುರಸೊತ್ತು ಇಲ್ಲಿನ ದೊಡ್ಡವರಿಗೂ ಇಲ್ಲ.

ಎಂಟೂವರೆಗೆ ಹತ್ತು ನಿಮಿಷದ ಬಿಡುವು. ಟೊಮೇಟೊ ಸವರಿದ ರೊಟ್ಟಿ ತಿನ್ನುತ್ತಾ ಕಸಿಲ್ದಾ ನಾನು ಬರೆದುಕೊಳ್ಳುತ್ತಿರುವ ಪುಸ್ತಕದ ಕಡೆ ನೋಡುತ್ತಾರೆ. "ಧೈರ್ಯವಂತೆ ಗೀರ್ಯವಂತೆ ಅಂತ ಬರೀಬೇಡಿ. ಹತ್ತೊಂಬತ್ತು ವರ್ಷದಲ್ಲಿ ನನ್ನ ಕೈಯಿಂದ ಒಬ್ಬರೂ ಬಿದ್ದಿಲ್ಲ. ಬರೆಯೋದಾದ್ರೆ ಅದನ್ನ ಬರೀರಿ."