ಒಂದು ಸ್ಟಾಪ್ ಮುಂದೆ ಇಳಿದವಳು

ಬೆಳಿಗ್ಗೆ ಏಳಕ್ಕೆ ಸರಿಯಾಗಿ ನಮ್ಮ ಗೇಟಿನ ಕಬ್ಬಿಣಕ್ಕೆ ಗಾಜಿನ ಬಳೆ ತಾಗಿ ಕಿಣಿಕಿಣಿ ಎನ್ನುತ್ತಿತ್ತು. ಹೆಬ್ಬೂರಿನಿಂದ ತುಮಕೂರಿನ ನಮ್ಮ ಮನೆಗೆ ಕೆಲಸಕ್ಕೆ ಬರುತ್ತಿದ್ದವಳು ಅವಳು. ಸೊಂಟದಲ್ಲಿ ಎಲೆಅಡಿಕೆ ಚೀಲ, ಪಕ್ಕದಲ್ಲೇ ಪ್ಲಾಸ್ಟಿಕ್ ಕವರಿನ ಆಧಾರ್ ಕಾರ್ಡು. ಹೆಂಗಸರಿಗೆ ಬಸ್ಸು ಫ್ರೀ ಆದ ಮೇಲೆ ಅದೇ ಅವಳ ಪಾಸ್‌ಪೋರ್ಟ್.

ಮೊದಲ ದಿನ ನಾನು ಗತ್ತಿನಿಂದ, "ಒಂದು ವಾರ ಟ್ರಯಲ್ ನೋಡೋಣ ಕಣೇ" ಎಂದೆ.

"ಆಗ್ಲಿ ಅಮ್ಮಾವ್ರೆ, ನಾನೂ ನೋಡ್ತೀನಿ. ಸರಿಹೋದ್ರೆ ಇರ್ತೀನಿ."

ಅವಳು ಕೇಳಿದ್ದು ಒಂದೇ, ಭಾನುವಾರ ರಜ. "ಕತ್ಲಲ್ಲಿ ಹೊರಡ್ತೀನಿ, ಐದು ಮನೆ ಮುಗ್ಸಿ ಕತ್ಲಲ್ಲೇ ಸೇರ್ತೀನಿ. ವಾರಕ್ಕೊಂದ್ಸಲನಾದ್ರೂ ನನ್ನ ಅಂಗಳದಾಗೆ ಬಿಸ್ಲು ಬೀಳೋದು ನೋಡ್ಬೇಕು ಕಣಮ್ಮ."

ಕಾನ್ವೆಂಟಿನಲ್ಲಿ ಡಿಗ್ನಿಟಿ ಆಫ್ ಲೇಬರ್ ಬಗ್ಗೆ ಎಸ್ಸೇ ಬರೆದು ಪ್ರೈಜ್ ತೆಗೆದುಕೊಂಡಿದ್ದ ನಾನೇ ಬೀದಿಯ ಹೆಂಗಸರನ್ನೆಲ್ಲ ನಮ್ಮ ಹಾಲಿನಲ್ಲಿ ಸೇರಿಸಿ, ಯಾರೂ ಭಾನುವಾರ ರಜ ಕೊಡಕೂಡದೆಂದು ರೆಸಲ್ಯೂಷನ್ ಪಾಸ್ ಮಾಡಿಸಿದೆ. ಅವಳು ಅಲ್ಲೇ ನೆಲ ಒರೆಸುತ್ತಿದ್ದಳು. ಒದ್ದೆ ಬಟ್ಟೆ ಹತ್ತಿರ ಬಂದಂತೆಲ್ಲ ಒಬ್ಬೊಬ್ಬರೇ ಕಾಲೆತ್ತಿಕೊಂಡು ಭಾಷಣ ಮುಂದುವರಿಸಿದೆವು.

"ನಿಮ್ ಮೀಟಿಂಗ್ ಮುಗೀತಾ ಅಮ್ಮಾವ್ರೆ?" ಬಟ್ಟೆ ಹಿಂಡುತ್ತಾ ಕೇಳಿದಳು. "ನಮ್ದು ನಾಳೆ ಬಸ್ಸಲ್ಲಿ ಐತೆ."

ಮಾರನೆಯ ದಿನದಿಂದ ನಮ್ಮ ಬೀದಿಗೆ ಒಬ್ಬಳೂ ಬರಲಿಲ್ಲ. ಮೊದಲೆಲ್ಲ ನಡೆದು ಬರುವಷ್ಟು ದೂರದವರೇ ಕೆಲಸಕ್ಕೆ ಸಿಗುತ್ತಿದ್ದರು. ನಾವು ಹೇಳಿದ್ದೇ ಅವರಿಗೆ ಕಾನೂನು. ಈಗ ಕಾಸಿಲ್ಲದ ಬಸ್ಸು. ಒಂದು ಸ್ಟಾಪ್ ಮುಂದೆ ಇಳಿದರೆ ಇನ್ನೊಂದು ಬಡಾವಣೆ, ಕೈಬೀಸಿ ಕರೆಯುವ ಇನ್ನಷ್ಟು ಮನೆಗಳು.

ಮೂರನೆಯ ದಿನ ನೆಲ ಒರೆಸಿ ಒರೆಸಿ ನನ್ನ ಮಂಡಿಗಳು ಸರೆಂಡರ್ ಆದವು. ಗುಟ್ಟಾಗಿ ಫೋನ್ ಮಾಡಿದೆ. "ಭಾನುವಾರ ರಜ ತಗೊಳ್ಳೇ. ಎದುರು ಮನೆಯವರಿಗೆ ಮಾತ್ರ ಗೊತ್ತಾಗ್ಬಾರ್ದು."

ಆ ಕಡೆ ಇಡೀ ಬಸ್ಸು ಗೊಳ್ಳೆಂದಿತು. ಸ್ಪೀಕರ್ ಹಾಕಿದ್ದಳು!

"ಅವ್ರೂ ಈಗ್ತಾನೆ ಅವ್ರ ಕೆಲ್ಸದೋಳ್ಗೆ ಫೋನ್ ಮಾಡಿದ್ರು ಅಮ್ಮಾವ್ರೆ. ನಿಮ್ಗೆ ಗೊತ್ತಾಗ್ಬಾರ್ದಂತೆ."

ಮರುದಿನದಿಂದ ಅವಳ ಬಳೆ ಮತ್ತೆ ನಮ್ಮ ಗೇಟಿಗೆ ತಾಗಿತು, ಭಾನುವಾರ ಒಂದು ಬಿಟ್ಟು. ಅವಳನ್ನು ಕೊನೆಯ ಸಲ ಕಂಡದ್ದು ಮಾತ್ರ ಒಂದು ಭಾನುವಾರವೇ. ಜರಿಯಂಚಿನ ಸೀರೆಯುಟ್ಟು ಬಂದು, ಗಾರ್ಮೆಂಟ್ಸ್ ಫ್ಯಾಕ್ಟರಿ ಸೇರಿದೆನೆಂದಳು. "ಪಿಎಫ್ಫು, ಇಎಸ್‌ಐ ಎಲ್ಲಾ ಐತೆ. ನೀವ್ ಕೊಡ್ತೀರಾ?"

"ಐವತ್ತು ವರ್ಷದಿಂದ ಈ ಮನೇಲಿ ಅಡಿಗೆ ಮಾಡ್ತಿದೀನಿ, ನನಗೇ ಯಾರೂ ಕೊಟ್ಟಿಲ್ವಲ್ಲೇ!"

"ನಿಮ್ಗೂ ಬಸ್ಸು ಫ್ರೀ ಐತಲ್ಲ, ಹತ್ಕೊಂಬುಡಿ" ಎಂದು ನಕ್ಕಳು.

ಅಂದು ಮೊದಲ ಸಲ ಸೋಫಾದ ಮೇಲೆ ಕೂತು ನಾನು ಮಾಡಿದ ಕಾಫಿ ಕುಡಿದಳು. ಅಭ್ಯಾಸಬಲದಿಂದ ಲೋಟ ಹಿಡಿದು ಅಡುಗೆಮನೆಯತ್ತ ಹೊರಟವಳು ನಡುವೆ ನಿಂತಳು. ಗೋಡೆಯ ಕ್ಯಾಲೆಂಡರಿನಲ್ಲಿ ಆ ದಿನದ ಕೆಂಪು ಅಂಕಿ ತೋರಿಸಿ, ಲೋಟವನ್ನು ನನ್ನ ಕೈಗಿಟ್ಟು ಹೋದಳು.